ಕಡಲಿನ ಪಾಠ ಬರೆದಿಟ್ಟ ಕಪ್ತಾನ: ದೊಮ್ ಜುವಾಂವ್ ದೆ ಕಾಸ್ತ್ರೊ (1500–1548)



ಫೋಂಡಾದಿಂದ ಹಳೆ ಗೋವೆಗೆ ಹೋಗುವ ಬಸ್ಸು ಬಾಣಸ್ತಾರಿ ಸೇತುವೆಯನ್ನು ದಾಟಿಕೊಂಡು ಹೋಗುತ್ತದೆ. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬಕ್ಕೆ ಹೋಗುವ ನಮ್ಮಲ್ಲಿ ಬಹಳ ಮಂದಿ ಆ ಸೇತುವೆಯನ್ನು ನೂರು ಸಲ ದಾಟಿರಬಹುದು. ಸುಮಾರು 475 ವರ್ಷಗಳ ಹಿಂದೆ ಅದು ಎರಡು ರಾಜ್ಯಗಳ ಗಡಿ. ನೀರಿನ ಆಚೆ ದಡದಲ್ಲಿ ಪೋರ್ಚುಗೀಸರು, ಈಚೆ ದಡದಲ್ಲಿ, ಅಂದರೆ ನಮ್ಮ ಫೋಂಡಾದ ಕಡೆಯಲ್ಲಿ, ಬಿಜಾಪುರದ ಆದಿಲಶಾಹಿ. ಇಲ್ಲಿ ಆದಿಲಶಾಹಿಯ ಕೋಟೆಯಿತ್ತು. 1560ರಲ್ಲಿ ಕಟ್ಟಿದ ಸಾಫಾ ಮಸೀದಿ ಆ ಕಾಲದ ಗುರುತಾಗಿ ಇಂದಿಗೂ ನಮ್ಮ ಊರಿನಲ್ಲಿ ನಿಂತಿದೆ.

ಆಚೆ ದಡದಲ್ಲಿ ಆಳಿದವರ ಪೈಕಿ ಒಬ್ಬರ ಕಥೆಯನ್ನು ಈ ಸಂಚಿಕೆಯಲ್ಲಿ ಹೇಳುತ್ತಿದ್ದೇವೆ. ಅವರ ಹೆಸರು ದೊಮ್ ಜುವಾಂವ್ ದೆ ಕಾಸ್ತ್ರೊ. ಹಡಗಿನ ಕಪ್ತಾನರಾಗಿ ಗೋವೆಗೆ ಬಂದರು, ಕಡಲ ದಾರಿಯ ಪುಸ್ತಕಗಳನ್ನು ಬರೆದರು, ಕೊನೆಗೆ ರಾಜ್ಯಪಾಲರಾಗಿ ಇಲ್ಲಿಯೇ ಸತ್ತರು. ಸಾಯುವ ಹೊತ್ತಿಗೆ ಅವರ ಹಾಸಿಗೆಯ ಬಳಿ ಇದ್ದವರು ಸಂತ ಫ್ರಾನ್ಸಿಸ್ ಕ್ಸೇವಿಯರ್. ಯುದ್ಧ ಗೆದ್ದವರೆಂದು ಯುರೋಪು ಅವರನ್ನು ಕೊಂಡಾಡಿತು. ಅವರು ಗೆದ್ದ ಕೋಟೆಗಳಲ್ಲಿ ಇಂದು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರು ಹಡಗಿನ ಅಟ್ಟದ ಮೇಲೆ ನಿಂತು ಬರೆದಿಟ್ಟ ಲೆಕ್ಕಗಳನ್ನು ವಿದ್ವಾಂಸರು ಇಂದಿಗೂ ತೆರೆದು ನೋಡುತ್ತಾರೆ. ಒಬ್ಬ ಮನುಷ್ಯನ ಜೀವನದಲ್ಲಿ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂಬುದನ್ನು ತಿಳಿಯಲು ಅವರ ಬದುಕು ಒಳ್ಳೆಯ ಪಾಠ.

ಗಣಿತ ಕಲಿತ ಸೈನಿಕ

ಕಾಸ್ತ್ರೊ ಹುಟ್ಟಿದ್ದು 1500ರಲ್ಲಿ, ಲಿಸ್ಬನ್ ನಗರದಲ್ಲಿ. ತಂದೆ ಆಲ್ವರೊ ದೆ ಕಾಸ್ತ್ರೊ ಅರಮನೆಗೆ ಹತ್ತಿರದ ದೊಡ್ಡ ಅಧಿಕಾರಿ. ಮನೆತನ ದೊಡ್ಡದಾದರೂ ಆಸ್ತಿ ಅಷ್ಟಕ್ಕಷ್ಟೆ. ಹುಡುಗನಿಗೆ ಸಿಕ್ಕಿದ ನಿಜವಾದ ಆಸ್ತಿ ಎಂದರೆ ವಿದ್ಯೆ. ಆ ಕಾಲದಲ್ಲಿ ಪೋರ್ಚುಗಲ್ಲಿನ ಹೆಸರಾಂತ ಗಣಿತಜ್ಞ ಪೆದ್ರೊ ನೂನೆಸ್ ಅವರು ರಾಜ ಮನುವೆಲ್ ಅವರ ಮಗ ಲೂಯಿಸ್‌ಗೆ ಪಾಠ ಹೇಳುತ್ತಿದ್ದರು. ರಾಜಕುಮಾರನ ಜೊತೆಯಲ್ಲಿ ಕಾಸ್ತ್ರೊ ಕೂಡ ಆ ಗುರುಗಳ ಶಿಷ್ಯರಾದರು. ಲೂಯಿಸ್ ಮತ್ತು ಕಾಸ್ತ್ರೊ ಅವರ ಗೆಳೆತನ ಕೊನೆಯವರೆಗೂ ಉಳಿಯಿತು.

ಪುಸ್ತಕ ಒಂದು ಕಡೆ, ಕತ್ತಿ ಒಂದು ಕಡೆ ಎಂಬಂತೆ ಅವರ ಯೌವನ ಕಳೆಯಿತು. ಹದಿನೆಂಟರ ಹರೆಯದಲ್ಲಿ ಮನೆ ಬಿಟ್ಟು ಆಫ್ರಿಕಾದ ಉತ್ತರ ತುದಿಯ ತಾಂಜಿಯರ್ ಕೋಟೆಗೆ ಸೈನಿಕನಾಗಿ ಹೋದರು. ಅಲ್ಲಿ ಹಲವು ವರ್ಷ ದುಡಿದು ವೀರ ಪದವಿ ಪಡೆದರು. 1535ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಟ್ಯೂನಿಸ್ ನಗರದ ಮೇಲೆ ದಂಡೆತ್ತಿ ಹೋದಾಗ ಗೆಳೆಯ ಲೂಯಿಸ್ ಜೊತೆ ಕಾಸ್ತ್ರೊ ಕೂಡ ಆ ನೌಕಾಪಡೆಯಲ್ಲಿದ್ದರು.

1538ರಲ್ಲಿ ಭಾರತಕ್ಕೆ ಹೊರಡುವ ಹೊತ್ತಿಗೆ ರಾಜರು ಅವರಿಗೆ ಹೊರ್ಮೂಜ್ ಕೋಟೆಯ ಅಧಿಕಾರವನ್ನೂ ವರ್ಷಕ್ಕೆ ಒಂದಿಷ್ಟು ಹಣವನ್ನೂ ಕೊಟ್ಟರಂತೆ. ಹೊರ್ಮೂಜ್ ಎಂದರೆ ಆ ಕಾಲದಲ್ಲಿ ಹಣ ಮಾಡುವ ಜಾಗ. ಕಾಸ್ತ್ರೊ ಅವರು ಬಡತನಕ್ಕಾಗಿ ಹಣವನ್ನು ಸ್ವೀಕರಿಸಿ, ತಾನಿನ್ನೂ ಅದಕ್ಕೆ ತಕ್ಕ ಸೇವೆ ಮಾಡಿಲ್ಲ ಎಂದು ಅಧಿಕಾರವನ್ನು ಬಿಟ್ಟುಕೊಟ್ಟರು ಎಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ.

ಹಡಗೇ ಶಾಲೆ

1538ರ ಏಪ್ರಿಲ್ 6ರಂದು ವೈಸರಾಯ್ ಗಾರ್ಸಿಯಾ ದೆ ನೊರೊನ್ಯ ಅವರ ಹಡಗುಪಡೆ ಲಿಸ್ಬನ್ ಬಿಟ್ಟಿತು. ಅದರಲ್ಲಿ ಗ್ರಿಫೊ ಎಂಬ ಹಡಗಿನ ಕಪ್ತಾನ ಕಾಸ್ತ್ರೊ. ಆಫ್ರಿಕಾವನ್ನು ಸುತ್ತಿ ಗೋವೆ ಮುಟ್ಟಿದ್ದು ಸೆಪ್ಟೆಂಬರ್ 11ರಂದು. ಐದು ತಿಂಗಳ ಪ್ರಯಾಣ. ಉಳಿದ ಕಪ್ತಾನರು ಇಸ್ಪೀಟು ಆಡಿಯೋ ನಿದ್ದೆ ಮಾಡಿಯೋ ಕಳೆಯಬಹುದಾಗಿದ್ದ ಆ ತಿಂಗಳುಗಳನ್ನು ಕಾಸ್ತ್ರೊ ಪಾಠಶಾಲೆಯನ್ನಾಗಿ ಮಾಡಿಕೊಂಡರು.

ಆಗಿನ ನಾವಿಕರ ಕಷ್ಟವನ್ನು ಸ್ವಲ್ಪ ತಿಳಿದುಕೊಳ್ಳೋಣ. ನಡುಗಡಲಿನಲ್ಲಿ ನಾಲ್ಕೂ ಕಡೆ ನೀರು. ತಾನು ಎಲ್ಲಿದ್ದೇನೆ ಎಂದು ತಿಳಿಯಲು ನಾವಿಕನಿಗಿದ್ದದ್ದು ಸೂರ್ಯ, ನಕ್ಷತ್ರ ಮತ್ತು ದಿಕ್ಸೂಚಿಯ ಸೂಜಿ. ಮಧ್ಯಾಹ್ನದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಎಂದು ಅಳೆದರೆ ಉತ್ತರ–ದಕ್ಷಿಣದ ಲೆಕ್ಕ, ಅಂದರೆ ಅಕ್ಷಾಂಶ, ಸಿಗುತ್ತಿತ್ತು. ಪೂರ್ವ–ಪಶ್ಚಿಮದ ಲೆಕ್ಕವಾದ ರೇಖಾಂಶ ಮಾತ್ರ ಯಾರ ಕೈಗೂ ಸಿಕ್ಕಿರಲಿಲ್ಲ. ಎಷ್ಟೋ ಹಡಗುಗಳು ದಡ ಇನ್ನೂ ದೂರವಿದೆ ಎಂದುಕೊಂಡು ರಾತ್ರಿ ಬಂಡೆಗೆ ಬಡಿದು ಮುಳುಗುತ್ತಿದ್ದವು.

ದಿಕ್ಸೂಚಿಯ ಸೂಜಿಯಲ್ಲಿ ಇನ್ನೊಂದು ತೊಡಕು ಇತ್ತು. ಅದು ನೇರ ಉತ್ತರವನ್ನು ತೋರಿಸುವುದಿಲ್ಲ, ಒಂದಿಷ್ಟು ಎಡಕ್ಕೋ ಬಲಕ್ಕೋ ವಾಲಿರುತ್ತದೆ. ಆ ವಾಲು ಊರಿನಿಂದ ಊರಿಗೆ ಬದಲಾಗುತ್ತದೆ. ಪೂರ್ವಕ್ಕೆ ಹೋದಂತೆಲ್ಲ ಈ ವಾಲು ಒಂದೇ ಕ್ರಮದಲ್ಲಿ ಬದಲಾಗುತ್ತದೆ, ಆದ್ದರಿಂದ ಅದನ್ನು ಅಳೆದರೆ ರೇಖಾಂಶ ತಿಳಿಯುತ್ತದೆ ಎಂದು ಆಗಿನ ಕೆಲವು ಪಂಡಿತರು ನಂಬಿದ್ದರು. ನಂಬಿಕೆ ಚೆನ್ನಾಗಿತ್ತು. ನಿಜವೇ ಎಂದು ಕಡಲಿನಲ್ಲಿ ಕ್ರಮವಾಗಿ ಪರೀಕ್ಷಿಸಿ ನೋಡಬೇಕಿತ್ತು.

ಕಾಸ್ತ್ರೊ ಆ ಕೆಲಸಕ್ಕೆ ಇಳಿದರು. ಗುರು ಪೆದ್ರೊ ನೂನೆಸ್ ಯೋಚಿಸಿ ಕೊಟ್ಟ ಒಂದು ನೆರಳಿನ ಉಪಕರಣ ಅವರ ಬಳಿ ಇತ್ತು. ದುಂಡನೆಯ ತಟ್ಟೆ, ನಡುವೆ ನೆಟ್ಟಗೆ ನಿಲ್ಲಿಸಿದ ಕಡ್ಡಿ, ಜೊತೆಗೆ ದಿಕ್ಸೂಚಿ. ಬೆಳಿಗ್ಗೆ ಸೂರ್ಯ ಒಂದು ಎತ್ತರದಲ್ಲಿದ್ದಾಗ ಕಡ್ಡಿಯ ನೆರಳು ಬಿದ್ದ ಜಾಗವನ್ನು ಗುರುತು ಮಾಡುವುದು. ಮಧ್ಯಾಹ್ನದ ನಂತರ ಸೂರ್ಯ ಅದೇ ಎತ್ತರಕ್ಕೆ ಇಳಿದಾಗ ಮತ್ತೆ ಗುರುತು ಮಾಡುವುದು. ಎರಡರ ನಡುಗೆರೆಯೇ ನಿಜವಾದ ಉತ್ತರ–ದಕ್ಷಿಣ. ಅದಕ್ಕೂ ಸೂಜಿ ತೋರಿಸುವ ದಿಕ್ಕಿಗೂ ಎಷ್ಟು ಅಂತರ ಎಂಬುದೇ ವಾಲು. ನೋಡಲು ಸುಲಭ, ಆದರೆ ತೂಗಾಡುವ ಹಡಗಿನ ಮೇಲೆ ಇದನ್ನು ಮಾಡಲು ತಾಳ್ಮೆ ಬೇಕು.

1538ರಿಂದ 1541ರವರೆಗೆ ಅವರು ಇಂಥ 43 ಅಳತೆಗಳನ್ನು ಮಾಡಿ ಬರೆದಿಟ್ಟರು. ತಾನೊಬ್ಬನೇ ಅಳೆದರೆ ಸಾಲದೆಂದು ಹಡಗಿನ ಉಳಿದ ನಾವಿಕರಿಂದಲೂ ಸೂರ್ಯನ ಎತ್ತರ ಅಳೆಸಿ, ಯಾರ ಲೆಕ್ಕ ಎಷ್ಟು ಬಂತು ಎಂದು ಹೋಲಿಸಿ ನೋಡುತ್ತಿದ್ದರು. ಅಂತಸ್ತು ನೋಡುವ ಆ ಕಾಲದಲ್ಲಿ ಕುಲೀನ ಮನೆತನದ ಕಪ್ತಾನನೊಬ್ಬ ಕೂಲಿ ನಾವಿಕನ ಲೆಕ್ಕವನ್ನು ತನ್ನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದ್ದು ಸಣ್ಣ ಮಾತಲ್ಲ. ಕೊನೆಗೆ ಅವರು ಕಂಡುಕೊಂಡದ್ದು ಇಷ್ಟು: ಸೂಜಿಯ ವಾಲಿಗೂ ರೇಖಾಂಶಕ್ಕೂ ಆ ಪಂಡಿತರು ಹೇಳಿದ ಸಂಬಂಧ ಇಲ್ಲ. ಎಲ್ಲರೂ ಬಯಸಿದ್ದ ಉತ್ತರ ಅದಾಗಿರಲಿಲ್ಲ. ಅಳತೆ ಹಾಗೆ ಹೇಳಿದ್ದರಿಂದ ಅವರು ಹಾಗೆಯೇ ಬರೆದರು.

ಇನ್ನೊಂದು ಸಂಗತಿ ಇದೆ. 1538ರ ಆಗಸ್ಟಿನಲ್ಲಿ ಮೊಜಾಂಬಿಕ್ ಬಳಿ ಅಳತೆ ಮಾಡುವಾಗ ಸೂಜಿ ತಪ್ಪು ತಪ್ಪಾಗಿ ತಿರುಗುತ್ತಿತ್ತು. ಉಪಕರಣವನ್ನು ದೂರದೆ ಅವರು ಕಾರಣ ಹುಡುಕಿದರು. ಪಕ್ಕದಲ್ಲೇ ಒಂದು ಕಬ್ಬಿಣದ ತುಪಾಕಿ ಇತ್ತು, ಅದು ಸೂಜಿಯನ್ನು ಎಳೆಯುತ್ತಿತ್ತು. ಮುಂದೆ ಬಸ್ಸೀನ್ ಕಡೆಯ ಕರಾವಳಿಯಲ್ಲಿ ಕೆಲವು ಬಂಡೆಗಳ ಹತ್ತಿರವೂ ಸೂಜಿ ಹಾಗೆಯೇ ದಾರಿ ತಪ್ಪುವುದನ್ನು ಗಮನಿಸಿದರು. ಹತ್ತಿರದ ಕಬ್ಬಿಣವೂ ಬಂಡೆಯೂ ದಿಕ್ಸೂಚಿಯನ್ನು ಕೆಡಿಸುತ್ತವೆ ಎಂದು ಸ್ಪಷ್ಟವಾಗಿ ಬರೆದಿಟ್ಟ ಮೊದಲಿಗರಲ್ಲಿ ಅವರೂ ಒಬ್ಬರು. ಇಂದು ನಮ್ಮ ಮೊಬೈಲಿನ ದಿಕ್ಸೂಚಿಯನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟು ನೋಡಿದರೆ ಇದೇ ಪಾಠವನ್ನು ನಾವೂ ಕಲಿಯಬಹುದು.

ಮೂರು ದಾರಿಹೊತ್ತಿಗೆಗಳು

ಪೋರ್ಚುಗೀಸ್ ನಾವಿಕರು ಕಡಲದಾರಿಯ ವಿವರ ಬರೆದಿಡುವ ಪುಸ್ತಕಕ್ಕೆ ರೊತೆಯ್ರು ಎನ್ನುತ್ತಿದ್ದರು. ದಾರಿಹೊತ್ತಿಗೆ ಎನ್ನಬಹುದು. ಕಾಸ್ತ್ರೊ ಅಂಥ ಮೂರು ಪುಸ್ತಕಗಳನ್ನು ಬರೆದರು.

ಮೊದಲನೆಯದು 1538ರ ಲಿಸ್ಬನ್–ಗೋವೆ ಪ್ರಯಾಣದ್ದು. ಎರಡನೆಯದು ಗೋವೆಯಿಂದ ದೀವ್‌ವರೆಗಿನ ಕರಾವಳಿಯದು. 1538ರ ನವೆಂಬರಿನಲ್ಲಿ ಹೊರಟ ಹಡಗುಪಡೆ 1539ರ ಮಾರ್ಚಿನಲ್ಲಿ ಹಿಂದಿರುಗಿತು. ಆ ನಾಲ್ಕು ತಿಂಗಳಲ್ಲಿ ಅವರು ದಾಭೋಲ್, ಚೌಲ್, ಬಸ್ಸೀನ್ ಮುಂತಾದ ಬಂದರುಗಳನ್ನು ಒಂದೊಂದಾಗಿ ಅಳೆದು ಬರೆದರು. ಅಳಿವೆಯ ಬಾಯಿ ಎಲ್ಲಿ, ಮರಳದಿಬ್ಬ ಎಲ್ಲಿ, ಬಂಡೆ ಎಲ್ಲಿ, ಎಷ್ಟು ಮಾರು ಆಳ, ಯಾವ ಗುಡ್ಡವನ್ನು ಗುರುತು ಹಿಡಿದು ಒಳಗೆ ಬರಬೇಕು ಎಂಬ ಎಲ್ಲ ವಿವರವೂ ಅದರಲ್ಲಿದೆ. ಬರಹದ ಜೊತೆಗೆ ಬಂದರುಗಳ ಬಣ್ಣದ ಚಿತ್ರಪಟಗಳೂ ಇವೆ. ಹಡಗಿನ ಮೇಲಿನಿಂದ ನೋಡಿದರೆ ಊರು ಹೇಗೆ ಕಾಣುತ್ತದೋ ಹಾಗೆ ಬರೆಸಿದ ಪಟಗಳು. ಅಕ್ಷರ ಬಾರದ ನಾವಿಕನೂ ಅವನ್ನು ನೋಡಿ ಬಂದರನ್ನು ಗುರುತಿಸಬಹುದಿತ್ತು.

ದಾರಿಯಲ್ಲಿ ಎಲಿಫೆಂಟಾ ಮತ್ತು ಕಾನ್ಹೇರಿಯ ಗುಹೆಗಳನ್ನೂ ಅವರು ನೋಡಿದರು. ಬೇರೆ ಧರ್ಮದವರ ಗುಡಿ ಎಂದು ತಾತ್ಸಾರ ಮಾಡದೆ ಗುಹೆಯ ಉದ್ದಗಲ, ಕಂಬ, ಮೂರ್ತಿಗಳನ್ನು ವಿವರಿಸಿ, ಆ ಶಿಲ್ಪಿಗಳ ಕೈಚಳಕಕ್ಕೆ ಬೆರಗಾಗಿ ಬರೆದರು.

ಮೂರನೆಯ ಪುಸ್ತಕ ಕೆಂಪು ಸಮುದ್ರದ್ದು. ವಾಸ್ಕೊ ದ ಗಾಮಾ ಅವರ ಮಗ ಎಸ್ತೆವಾಂವ್ ದ ಗಾಮಾ ಆಗ ಇಲ್ಲಿನ ರಾಜ್ಯಪಾಲ. ಸೂಯೆಜ್‌ನಲ್ಲಿ ನಿಂತಿದ್ದ ತುರ್ಕರ ಹಡಗುಗಳನ್ನು ಸುಡುವ ಉದ್ದೇಶದಿಂದ 1540ರ ಡಿಸೆಂಬರ್ 31ರಂದು ಅವರ ಪಡೆ ಗೋವೆಯಿಂದ ಹೊರಟಿತು. ಸೂಯೆಜ್ ಮುಟ್ಟುವಷ್ಟರಲ್ಲಿ ತುರ್ಕರು ಎಚ್ಚೆತ್ತಿದ್ದರು. ಯುದ್ಧದ ಲೆಕ್ಕದಲ್ಲಿ ಆ ಯಾತ್ರೆ ಸೋಲು. ಕಾಸ್ತ್ರೊ ಮಾತ್ರ ಬರಿಗೈಯಲ್ಲಿ ಬರಲಿಲ್ಲ. ಮಸ್ಸಾವಾ, ಸುವಾಕಿನ್, ತೋರ್, ಸೂಯೆಜ್ ಬಂದರುಗಳ ಪಟ ಮತ್ತು ಅಕ್ಷಾಂಶಗಳನ್ನು ತಂದರು.

ಕೆಂಪು ಸಮುದ್ರದ ನೀರು ನಿಜವಾಗಿಯೂ ಕೆಂಪೇ ಎಂಬ ಹಳೆಯ ಪ್ರಶ್ನೆಗೂ ಉತ್ತರ ಹುಡುಕಿದರು. ಕೆಂಪಾಗಿ ಕಂಡ ಕಡೆ ಪಾತ್ರೆಯಲ್ಲಿ ನೀರು ಮೊಗೆದು ನೋಡಿದರೆ ನೀರು ತಿಳಿಯಾಗಿತ್ತು. ಮುಳುಗುವವರನ್ನು ಇಳಿಸಿ ತಳದಲ್ಲಿದ್ದುದನ್ನು ತರಿಸಿದಾಗ ಕೆಂಪು ಹವಳದ ಕಲ್ಲು ಬಂತು. ಬಣ್ಣ ಇರುವುದು ನೀರಿನಲ್ಲಲ್ಲ, ತಳದಲ್ಲಿ ಎಂದು ಬರೆದರು. ದೊಡ್ಡ ಪಂಡಿತರು ಗ್ರಂಥಗಳನ್ನು ಇಟ್ಟುಕೊಂಡು ವಾದಿಸುತ್ತಿದ್ದ ಪ್ರಶ್ನೆ ಒಂದು ಪಾತ್ರೆ ನೀರಿನಿಂದ ತೀರಿತು.

ಈ ಮೂರು ಪುಸ್ತಕಗಳಲ್ಲದೆ ಪಾಠಪುಸ್ತಕವನ್ನೂ ಅವರು ಬರೆದರು. ಭೂಮಿ ಮತ್ತು ಆಕಾಶಗೋಲವನ್ನು ಕುರಿತ ಆ ಪುಸ್ತಕ ಪ್ರಶ್ನೆ–ಉತ್ತರದ ರೂಪದಲ್ಲಿದೆ. ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಕಲಿಯುವ ಕ್ರಮವೇ. ಶಿಷ್ಯ ಕೇಳುತ್ತಾನೆ, ಗುರು ಬಿಡಿಸಿ ಹೇಳುತ್ತಾನೆ. ಭೂಮಧ್ಯರೇಖೆಯ ಬಳಿ ಬಿಸಿಲಿಗೆ ಮನುಷ್ಯರು ಬದುಕಲಾರರು ಎಂದು ಹಿಂದಿನವರು ಬರೆದಿದ್ದರು. ಅಲ್ಲಿಗೆ ಹೋಗಿ ಬಂದ ನಾವಿಕರು ಅಲ್ಲಿ ಊರುಗಳನ್ನು ಕಂಡಿದ್ದರು. ಹೆಸರುವಾಸಿ ಗ್ರಂಥಕ್ಕಿಂತ ಕಣ್ಣಾರೆ ಕಂಡ ಅನುಭವಕ್ಕೆ ಹೆಚ್ಚು ಬೆಲೆ ಎಂಬುದು ಅವರ ಪಾಠದ ತಿರುಳು.

ರಾಜ್ಯಪಾಲ

1542ರಲ್ಲಿ ಊರಿಗೆ ಹಿಂದಿರುಗಿದ ಕಾಸ್ತ್ರೊ ಲಿಸ್ಬನ್ ಹತ್ತಿರದ ಸಿಂತ್ರಾ ಬೆಟ್ಟದ ಪೆನ್ಯ ವೆರ್ದೆ ಎಂಬ ತೋಟದ ಮನೆಯಲ್ಲಿ ನೆಲೆಸಿದರು. ಗಿಡ ನೆಟ್ಟುಕೊಂಡು, ಪುಸ್ತಕ ಓದಿಕೊಂಡು ಇರುವ ಆಸೆ ಅವರದು. ಅದು ಬಹಳ ದಿನ ನಡೆಯಲಿಲ್ಲ. 1545ರಲ್ಲಿ ರಾಜ ಮೂರನೆಯ ಜುವಾಂವ್ ಅವರನ್ನು ಭಾರತದ ರಾಜ್ಯಪಾಲರನ್ನಾಗಿ ನೇಮಿಸಿದರು. ಆಲ್ವರೊ ಮತ್ತು ಫೆರ್ನಾಂದೊ ಎಂಬ ಇಬ್ಬರು ಮಕ್ಕಳನ್ನು ಕರೆದುಕೊಂಡು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಗೋವೆಗೆ ಬಂದಿಳಿದರು.

ಮರುವರ್ಷವೇ ಸಂಕಟ ಬಂತು. 1546ರ ಏಪ್ರಿಲಿನಲ್ಲಿ ಗುಜರಾತಿನ ಸುಲ್ತಾನನ ಪಡೆ ದೀವ್ ಕೋಟೆಯನ್ನು ಮುತ್ತಿತು. ಕೋಟೆಯ ಒಳಗೆ ಜುವಾಂವ್ ಮಸ್ಕರೆನ್ಯಸ್ ಎಂಬ ಅಧಿಕಾರಿಯೂ ಸಣ್ಣ ಪಡೆಯೂ ಇತ್ತು. ಮಳೆಗಾಲ, ಕಡಲು ಕೆರಳಿದ ಹೊತ್ತು. ಹಡಗು ಹೋಗುವುದೇ ಕಷ್ಟ. ಅಂಥ ಹೊತ್ತಿನಲ್ಲಿ ರಾಜ್ಯಪಾಲರು ಬೇರೆಯವರ ಮಕ್ಕಳನ್ನು ಕಳುಹಿಸಿ ತಮ್ಮ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಮೊದಲು ಫೆರ್ನಾಂದೊನನ್ನು, ಅವನ ಹಿಂದೆ ಆಲ್ವರೊನನ್ನು ಕಳುಹಿಸಿದರು. ಆಗಸ್ಟಿನಲ್ಲಿ ಕೋಟೆಯ ಬುರುಜಿನ ಕೆಳಗೆ ಮದ್ದು ಸಿಡಿದು ಎಳೆಯ ಹರೆಯದ ಫೆರ್ನಾಂದೊ ಸತ್ತ. ಸುದ್ದಿ ತಿಳಿದ ದಿನ ತಂದೆ ಜನರ ಧೈರ್ಯ ಕುಂದದಿರಲೆಂದು ಹಬ್ಬದ ಉಡುಪು ತೊಟ್ಟು ಹೊರಗೆ ಬಂದರೆಂದು ಚರಿತ್ರೆಕಾರರು ಬರೆಯುತ್ತಾರೆ. ಮನೆಯ ಒಳಗೆ ಹೇಗೆ ಅತ್ತರೋ ದೇವರೇ ಬಲ್ಲ.

ನವೆಂಬರಿನಲ್ಲಿ ಅವರೇ ದೊಡ್ಡ ಹಡಗುಪಡೆಯೊಂದಿಗೆ ದೀವ್ ತಲುಪಿ ಮುತ್ತಿಗೆಯನ್ನು ಮುರಿದರು. ಕೋಟೆ ಉಳಿಯಿತು, ಗೋಡೆಗಳು ಉಳಿಯಲಿಲ್ಲ. ಮತ್ತೆ ಕಟ್ಟಲು ಬೊಕ್ಕಸದಲ್ಲಿ ಹಣವಿರಲಿಲ್ಲ. ಆಗ ನಡೆದ ಘಟನೆ ಪೋರ್ಚುಗಲ್ಲಿನ ಮಕ್ಕಳಿಗೆಲ್ಲ ಗೊತ್ತು. ಗೋವೆಯ ನಾಗರಿಕರಿಂದ 20,000 ಪರ್ದಾವ್ ಸಾಲ ಕೇಳಬೇಕು, ಅಡವಿಡಲು ಅವರ ಬಳಿ ಚಿನ್ನವಿಲ್ಲ, ಬೆಳ್ಳಿಯಿಲ್ಲ. ಸತ್ತ ಮಗನ ಮೂಳೆಗಳನ್ನೇ ಅಡವಿಡಲು ಯೋಚಿಸಿ ಗೋರಿ ತೆಗೆಸಿದರು, ದೇಹ ಇನ್ನೂ ತೆಗೆಯುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ತಮ್ಮ ಗಡ್ಡದ ಕೂದಲನ್ನು ಕಿತ್ತು, ಪತ್ರದ ಜೊತೆ ಗೋವೆಗೆ ಕಳುಹಿಸಿದರು. ಆ ಕಾಲದಲ್ಲಿ ಗಂಡಸಿನ ಗಡ್ಡ ಎಂದರೆ ಅವನ ಮಾನ. ಮಾನವನ್ನೇ ಅಡವಿಟ್ಟಂತಾಯಿತು. ಗೋವೆಯ ಜನ ಕೇಳಿದ್ದಕ್ಕಿಂತ ಹೆಚ್ಚು ಹಣ ಕೂಡಿಸಿದರು. ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಗಡ್ಡದ ಕೂದಲನ್ನು ಗೌರವದಿಂದ ಹಿಂದಕ್ಕೆ ಕಳುಹಿಸಿದರು. ಆ ಮನುಷ್ಯ ಸುಳ್ಳು ಹೇಳುವವರಲ್ಲ ಎಂಬ ನಂಬಿಕೆಯ ಮೇಲೆ ಹುಟ್ಟಿದ ಹಣ ಅದು.

ಮರೆಯಬಾರದ ಇನ್ನೊಂದು ಮುಖ

ಇಲ್ಲಿಗೆ ಕಥೆ ನಿಲ್ಲಿಸಿದರೆ ಕೇಳಲು ಚೆನ್ನ. ಅಳತೆಯಲ್ಲಿ ಸತ್ಯವನ್ನು ಬಿಡದ ಮನುಷ್ಯನ ಕಥೆಯನ್ನು ಅರ್ಧ ಮಾತ್ರ ಹೇಳುವುದು ಸರಿಯಲ್ಲ.

ದೀವ್ ಗೆಲುವಿನ ನಂತರ ಅವರ ಅಧಿಕಾರಿಗಳು ಖಂಬಾತ್ ಕೊಲ್ಲಿಯ ದಡದ ಊರುಗಳನ್ನು ಸುಟ್ಟರು. ಯುದ್ಧಕ್ಕೆ ಸಂಬಂಧವಿಲ್ಲದ ಬಡಜನ ಸತ್ತರು. ಮುಂದೆ ಬಿಜಾಪುರದ ಜೊತೆ ಜಗಳವಾದಾಗ ದಾಭೋಲ್ ಬಂದರು ಬೆಂಕಿಗೆ ತುತ್ತಾಯಿತು. ಕೆಲವೇ ವರ್ಷಗಳ ಹಿಂದೆ ಅದೇ ದಾಭೋಲಿನ ಅಳಿವೆಯನ್ನು ಕಾಸ್ತ್ರೊ ಅಷ್ಟು ಅಕ್ಕರೆಯಿಂದ ಅಳೆದು ಚಿತ್ರ ಬರೆಸಿದ್ದರು. ಹಡಗು ಒಡೆಯದಂತೆ ಬಂದರಿಗೆ ಕರೆತರುವ ಪಟವೇ ತೋಪುಗಳನ್ನೂ ಅದೇ ಬಂದರಿಗೆ ಕರೆತರುತ್ತದೆ. ವಿದ್ಯೆ ಯಾರ ಕೈಯಲ್ಲಿದೆ, ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದನ್ನು ವಿದ್ಯೆ ತಾನೇ ಕೇಳುವುದಿಲ್ಲ, ಕೇಳಬೇಕಾದವರು ಮನುಷ್ಯರು. ಕಾಸ್ತ್ರೊ ಅವರ ಕಾಲದಲ್ಲಿ ಆ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಅವರು ಆಳಿದ ರಾಜ್ಯವೇ ಮುಂದಿನ ಇಪ್ಪತ್ತು ವರ್ಷಗಳಲ್ಲಿ ತನ್ನ ಹಿಂದೂ ಪ್ರಜೆಗಳ ಮೇಲೆ ಒತ್ತಡ ಹೇರಿತು. ತಮ್ಮ ದೇವರುಗಳನ್ನು ಹೊತ್ತು ಹೊಳೆ ದಾಟಿ ಬಂದ ಜನರಿಗೆ ನೆಲೆ ಕೊಟ್ಟದ್ದು ನಮ್ಮ ಈ ಫೋಂಡಾ.

1547ರ ಏಪ್ರಿಲ್ 22ರಂದು ಗೋವೆಯಲ್ಲಿ ವಿಜಯದ ಮೆರವಣಿಗೆ ನಡೆಯಿತು. ಹಳೆಯ ರೋಮನ್ ಸೇನಾಪತಿಗಳಂತೆ ತಲೆಗೆ ಎಲೆಯ ಕಿರೀಟ, ಹಿಂದೆ ಸೆರೆಯಾಳುಗಳು. ಯುರೋಪಿನಲ್ಲಿ ಆ ದೃಶ್ಯವನ್ನು ದೊಡ್ಡ ದೊಡ್ಡ ನೇಯ್ಗೆಯ ಪರದೆಗಳ ಮೇಲೆ ಚಿತ್ರಿಸಿದರು, ಅವು ಇಂದು ವಿಯೆನ್ನಾ ನಗರದಲ್ಲಿವೆ. ಪೋರ್ಚುಗಲ್ಲಿನ ರಾಣಿ ಕತರೀನಾ ಮಾತ್ರ ಇದನ್ನು ಮೆಚ್ಚಲಿಲ್ಲವಂತೆ. ಗೆದ್ದದ್ದು ಕ್ರೈಸ್ತನ ಹಾಗೆ, ಮೆರೆದದ್ದು ಕ್ರಿಸ್ತನನ್ನು ಅರಿಯದವನ ಹಾಗೆ ಎಂಬ ಅರ್ಥ ಬರುವಂತೆ ಅವರು ನುಡಿದರೆಂದು ಹೇಳುತ್ತಾರೆ.

ಕನ್ನಡ ನಾಡಿನೊಂದಿಗೆ ನಂಟು

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಸ್ತ್ರೊ ವಿಜಯನಗರದ ಸದಾಶಿವರಾಯರೊಂದಿಗೆ ಒಪ್ಪಂದ ಮಾಡಿಕೊಂಡರು. ಇಬ್ಬರಿಗೂ ಬಿಜಾಪುರವೇ ಎದುರಾಳಿ. ಗೋವೆಗೆ ಬಂದಿಳಿಯುವ ಅರಬ್ಬಿ ಮತ್ತು ಪರ್ಶಿಯಾ ಕುದುರೆಗಳು ವಿಜಯನಗರಕ್ಕೆ ಸಿಗಬೇಕು, ಬಿಜಾಪುರಕ್ಕೆ ಹೋಗಬಾರದು. ಅದಕ್ಕೆ ಪ್ರತಿಯಾಗಿ ರಾಯರ ನಾಡಿನ ವ್ಯಾಪಾರಿಗಳು ತಮ್ಮ ಸರಕನ್ನು ಅಂಕೋಲೆ ಮತ್ತು ಹೊನ್ನಾವರದ ಬಂದರುಗಳಿಗೆ ತರಬೇಕು, ಅಲ್ಲಿ ಪೋರ್ಚುಗೀಸರು ಕೊಳ್ಳುತ್ತಾರೆ. ಕಬ್ಬಿಣ ಮತ್ತು ಪೆಟ್ಲುಪ್ಪು ಬಿಜಾಪುರದ ಕಡೆಗೆ ಹೋಗಬಾರದು. ಪೆಟ್ಲುಪ್ಪು ಎಂದರೆ ತೋಪಿನ ಮದ್ದಿಗೆ ಬೇಕಾದ ಉಪ್ಪು.

ಇಂದು ಉತ್ತರ ಕನ್ನಡದಿಂದಲೂ ಹಾವೇರಿ, ಧಾರವಾಡ, ಬಿಜಾಪುರದ ಕಡೆಯಿಂದಲೂ ದುಡಿಮೆಗೆ ಬಂದು ಇಲ್ಲಿ ನೆಲೆಸಿರುವ ನಮ್ಮವರಿಗೆ ಈ ಹೆಸರುಗಳೆಲ್ಲ ತವರಿನ ಹೆಸರುಗಳೇ. ಗೋವೆಗೂ ಕನ್ನಡ ನಾಡಿಗೂ ಇರುವ ಹೋಗಿಬರುವ ದಾರಿ ನಿನ್ನೆ ಮೊನ್ನೆಯದಲ್ಲ.

ಮೂರು ನಾಣ್ಯ

1548ರ ಆರಂಭದಲ್ಲಿ ಕಾಸ್ತ್ರೊ ಅವರ ಆರೋಗ್ಯ ಕೆಟ್ಟಿತು. ವಯಸ್ಸು 48. ಮಲುಕ್ಕು ದ್ವೀಪಗಳಿಂದ ಹಿಂದಿರುಗಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಆ ವರ್ಷದ ಮಾರ್ಚಿನಲ್ಲಿ ಬಸ್ಸೀನ್‌ಗೆ ಹೋಗಿ ಅವರನ್ನು ಕಂಡರು. ಈ ಮಳೆಗಾಲ ಗೋವೆಯಲ್ಲಿಯೇ ಇರಿ ಎಂದು ಕಾಸ್ತ್ರೊ ಅವರನ್ನು ಕೇಳಿಕೊಂಡರು. ಸಂತರು ಒಪ್ಪಿದರು. ತನಗೆ ಹೆಚ್ಚು ದಿನವಿಲ್ಲ ಎಂದು ರಾಜ್ಯಪಾಲರಿಗೆ ತಿಳಿದಿತ್ತೋ ಏನೋ.

ಮಳೆ ಹತ್ತಿರವಾಗುತ್ತಿದ್ದಂತೆ ಲಿಸ್ಬನ್‌ನಿಂದ ಹಡಗು ಬಂತು. ದೀವ್ ಗೆಲುವಿಗೆ ಮೆಚ್ಚಿ ರಾಜರು ಅವರಿಗೆ ವೈಸರಾಯ್ ಪದವಿಯನ್ನೂ ಇನ್ನೂ ಮೂರು ವರ್ಷದ ಅಧಿಕಾರವನ್ನೂ 10,000 ಕ್ರುಜಾದೊ ಹಣವನ್ನೂ ಕೊಟ್ಟಿದ್ದರು. ಪದವಿ ಬಂದಾಗ ಕಾಸ್ತ್ರೊ ಹಾಸಿಗೆ ಬಿಟ್ಟು ಏಳುವ ಸ್ಥಿತಿಯಲ್ಲಿರಲಿಲ್ಲ.

ಅವರು ನಗರದ ಮುಖ್ಯಸ್ಥರನ್ನು ಕರೆಸಿದರು. ಕಾಯಿಲೆಯವರಿಗೆ ಬೇಕಾದ ಪಥ್ಯದ ಊಟಕ್ಕೂ ಮನೆಯಲ್ಲಿ ಹಣವಿಲ್ಲ, ಇರುವುದನ್ನೆಲ್ಲ ಸೈನಿಕರಿಗೆ ಹಂಚಿಯಾಗಿದೆ, ಇನ್ನು ಉಳಿದಿರುವ ಕೆಲವು ದಿನಕ್ಕೆ ಮಾತ್ರ ರಾಜರ ಬೊಕ್ಕಸದಿಂದ ಮನೆಯ ಖರ್ಚು ಕೊಡಿ ಎಂದು ಕೇಳಿಕೊಂಡರು. ಬಳಿಕ ಪೂಜಾಗ್ರಂಥದ ಮೇಲೆ ಕೈಯಿಟ್ಟು, ರಾಜರ ಹಣವನ್ನಾಗಲಿ ಬೇರೆ ಯಾರ ಹಣವನ್ನಾಗಲಿ ತಾನು ಮುಟ್ಟಿಲ್ಲ ಎಂದು ಎಲ್ಲರ ಮುಂದೆ ಪ್ರಮಾಣ ಮಾಡಿದರು. ಪೂರ್ವ ದೇಶಗಳಿಗೆ ಬಂದ ಅಧಿಕಾರಿಗಳು ಮೂರು ವರ್ಷದಲ್ಲಿ ಮೂರು ತಲೆಮಾರಿಗೆ ಆಗುವಷ್ಟು ಕೂಡಿಸಿಕೊಂಡು ಹೋಗುತ್ತಿದ್ದ ಕಾಲ ಅದು.

ಕೊನೆಯ ದಿನಗಳಲ್ಲಿ ಅವರು ಆಡಳಿತದ ಮಾತನ್ನು ಬಿಟ್ಟು ಸಂತರೊಂದಿಗೆ ಪ್ರಾರ್ಥನೆಯಲ್ಲಿ ಕಳೆದರು. 1548ರ ಜೂನ್ 6ರಂದು ಪ್ರಾಣ ಬಿಟ್ಟರು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ತೋಳಿನಲ್ಲಿಯೇ ಎಂದು ಪರಂಪರೆ ಹೇಳುತ್ತದೆ. ಅವರ ಪೆಟ್ಟಿಗೆಯನ್ನು ತೆರೆದು ನೋಡಿದಾಗ ಸಿಕ್ಕಿದ್ದು ಮೂರು ಸಣ್ಣ ನಾಣ್ಯ, ತಪಸ್ಸಿಗೆ ಬಳಸುತ್ತಿದ್ದ ಒಂದು ಚಾಟಿ, ಮತ್ತು ಗೋವೆಯ ಜನ ಹಿಂದಿರುಗಿಸಿದ್ದ ಆ ಗಡ್ಡದ ಕೂದಲು ಎಂದು 1651ರಲ್ಲಿ ಅವರ ಜೀವನಚರಿತ್ರೆ ಬರೆದ ಜಾಸಿಂತೊ ಫ್ರೆಯ್ರೆ ದೆ ಅಂದ್ರಾದೆ ತಿಳಿಸುತ್ತಾರೆ.

ಆ ಚಾಟಿ ಯಾವ ಪಾಪಗಳ ನೆನಪಿಗೆ ಎಂದು ನಮಗೆ ಯಾರೂ ಹೇಳಿಲ್ಲ. ಖಂಬಾತ್ ದಡದ ಊರುಗಳೂ ಅವರ ಕಣ್ಣ ಮುಂದೆ ಬಂದಿದ್ದವೋ ಏನೋ. ತೀರ್ಪು ದೇವರದು.

ಉಳಿದದ್ದು

ಅವರನ್ನು ಮೊದಲು ಗೋವೆಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಮಣ್ಣು ಮಾಡಿದರು. 1576ರಲ್ಲಿ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಕೊಂಡೊಯ್ದರು, ಈಗ ಅವು ಲಿಸ್ಬನ್ ಬಳಿಯ ಬೆನ್ಫಿಕಾದಲ್ಲಿವೆ.

ಪುಸ್ತಕಗಳ ಗತಿ ಬೇರೆಯಾಯಿತು. ಅವು ಮೊದಲು ಕೈಬರಹದಲ್ಲಿಯೇ ಓಡಾಡಿದವು. ಕೆಂಪು ಸಮುದ್ರದ ಪುಸ್ತಕದ ಇಂಗ್ಲಿಷ್ ರೂಪ 1625ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅವರ ಸ್ವಂತ ಭಾಷೆಯಲ್ಲಿ ಅಚ್ಚಾಗಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ಕೆಂಪು ಸಮುದ್ರದ್ದು 1833ರಲ್ಲಿ, ಗೋವೆ–ದೀವ್ ಪುಸ್ತಕ 1843ರಲ್ಲಿ, ಲಿಸ್ಬನ್–ಗೋವೆ ಪುಸ್ತಕ 1882ರಲ್ಲಿ ಬಂದವು. ಭೂಮಿಯ ಅಯಸ್ಕಾಂತ ಗುಣವನ್ನು ಅಧ್ಯಯನ ಮಾಡುವವರು 19ನೇ ಶತಮಾನದ ಕೊನೆಯಲ್ಲಿ ಅವರ ಆ 43 ಅಳತೆಗಳನ್ನು ಓದಿ ಬೆರಗಾದರು. 1538ರ ಕಡಲಿನಲ್ಲಿ ಸೂಜಿ ಎಷ್ಟು ವಾಲಿತ್ತು ಎಂದು ತಿಳಿಯಬೇಕಾದರೆ ಇಂದಿಗೂ ಅವರ ಲೆಕ್ಕವನ್ನೇ ನೋಡಬೇಕು. ಕೋಟೆಗಳು ಕೈ ಬದಲಾಯಿಸಿದವು, ರಾಜ್ಯಗಳು ಹೋದವು. ತಪ್ಪಿಲ್ಲದೆ ಬರೆದಿಟ್ಟ ಒಂದು ಲೆಕ್ಕ ಐದು ಶತಮಾನ ಬಾಳಿತು.

ಕಡಲನ್ನು ಓದುವ ಕೆಲಸ ಗೋವೆಯಲ್ಲಿ ನಿಂತಿಲ್ಲ. 1966ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇಲ್ಲಿನ ದೋನಾ ಪಾವ್ಲಾದಲ್ಲಿದೆ. ಅಲ್ಲಿನವರು ಇಂದು ಯಂತ್ರಗಳಿಂದ ಮಾಡುವ ಕೆಲಸಕ್ಕೆ ಕಾಸ್ತ್ರೊ ಬಳಸಿದ್ದು ಒಂದು ತಟ್ಟೆ, ಒಂದು ಕಡ್ಡಿ, ಹಗ್ಗಕ್ಕೆ ಕಟ್ಟಿದ ಒಂದು ಸೀಸದ ಗುಂಡು, ಮತ್ತು ಬಹಳಷ್ಟು ತಾಳ್ಮೆ.

ನಮ್ಮಲ್ಲಿ ಹೆಚ್ಚಿನವರು ಕಾರ್ಖಾನೆಯಲ್ಲಿ, ಗಾರೆ ಕೆಲಸದಲ್ಲಿ, ಅಂಗಡಿಯಲ್ಲಿ, ಗಾಡಿ ಓಡಿಸುವುದರಲ್ಲಿ ದುಡಿಯುವವರು. ಕೋಟೆ ಗೆಲ್ಲುವ ಸಂದರ್ಭ ನಮಗೆ ಬರುವುದಿಲ್ಲ, ಬರದಿದ್ದರೇ ಒಳ್ಳೆಯದು. ಕಲಿತ ಕೆಲಸವನ್ನು ಮುಚ್ಚಿಟ್ಟುಕೊಳ್ಳದೆ ಹಿಂದೆ ಬರುವ ಹುಡುಗನಿಗೆ ಹೇಳಿಕೊಡುವುದು, ಅಳತೆಯಲ್ಲಿ ಸುಳ್ಳು ಬರೆಯದಿರುವುದು, ಬೇರೆಯವರ ಹಣ ಕೈಯಲ್ಲಿದ್ದಾಗ ಕೈಯನ್ನು ಶುದ್ಧವಾಗಿ ಇಟ್ಟುಕೊಳ್ಳುವುದು ನಮ್ಮಿಂದಲೂ ಆಗುವ ಕೆಲಸಗಳು.

ಮುಂದಿನ ಸಲ ಹಳೆ ಗೋವೆಗೆ ಹೋದಾಗ ಸಂತ ಫ್ರಾನ್ಸಿಸ್ ಅಸ್ಸಿಸಿ ಚರ್ಚಿಗೆ ಹೊಂದಿಕೊಂಡಿರುವ ಪ್ರಾಚ್ಯವಸ್ತು ಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿ. ಅಲ್ಲಿ ಪೋರ್ಚುಗೀಸ್ ರಾಜ್ಯಪಾಲರ ಭಾವಚಿತ್ರಗಳ ಸಂಗ್ರಹವಿದೆ. 1547ರಲ್ಲಿ ಆ ಚಿತ್ರಗಳನ್ನು ಬರೆಸುವ ಪದ್ಧತಿಯನ್ನು ಆರಂಭಿಸಿದವರು ಕಾಸ್ತ್ರೊ ಅವರೇ. ಚರಿತ್ರೆಕಾರ ಗಾಸ್ಪರ್ ಕೊರೆಯ ಮೇಲ್ವಿಚಾರಣೆ ಮಾಡಿದರು, ಬಣ್ಣ ಹಚ್ಚಿದವನು ಈ ಮಣ್ಣಿನ ಒಬ್ಬ ಚಿತ್ರಕಾರ. ಆ ಚಿತ್ರಕಾರನ ಹೆಸರನ್ನು ಯಾರೂ ಬರೆದಿಡಲಿಲ್ಲ. ಸಾಲು ಸಾಲಾಗಿ ನಿಂತಿರುವ ಆ ದೊರೆಗಳ ಮುಂದೆ ಹೆಸರಿಲ್ಲದ ಅವನನ್ನೂ, ದಾಭೋಲ್ ಮತ್ತು ಖಂಬಾತಿನ ಹೆಸರಿಲ್ಲದ ಜನರನ್ನೂ, ಮೂರು ನಾಣ್ಯ ಬಿಟ್ಟುಹೋದ ಕಪ್ತಾನರನ್ನೂ ಒಂದು ಕ್ಷಣ ಪ್ರಾರ್ಥನೆಯಲ್ಲಿ ನೆನೆಯೋಣ.